ಹೃದಯಾಘಾತದ ನಂತರದ ರಿಹ್ಯಾಬ್: ಆಸ್ಪತ್ರೆಯಲ್ಲೋ, ಮನೆಯಲ್ಲೋ?

ಸ್ಟೆಂಟ್ ಅಥವಾ ಬೈಪಾಸ್ ಆದ ಮೇಲಿನ ಕಾರ್ಡಿಯಾಕ್ ರಿಹ್ಯಾಬ್‌ನಿಂದ (ಹೃದಯ ಚೇತರಿಸಿಕೊಳ್ಳಲು ಮಾರ್ಗದರ್ಶನದಲ್ಲಿ ಮಾಡುವ ವ್ಯಾಯಾಮದ ಕಾರ್ಯಕ್ರಮ) ಗಂಡಸರಿಗೂ ಹೆಂಗಸರಿಗೂ ಉಪಯೋಗವಿದೆ. ಸೇರುವುದರಲ್ಲಿ, ಮುಗಿಸುವುದರಲ್ಲಿ ಮಾತ್ರ ಹೆಂಗಸರು ಹಿಂದೆ.

ಆಸ್ಪತ್ರೆ: ಟ್ರೆಡ್‌ಮಿಲ್ ಮೇಲೆ ನಡೆಯುವಾಗ ಇಸಿಜಿ, ಬಿಪಿ ನೋಡಲು ಜನ ಇರುತ್ತಾರೆ. ಆದರೆ ಸಾಮಾನ್ಯವಾಗಿ ವಾರಕ್ಕೆ 2–3 ಸಲ ಓಡಾಡಬೇಕು. ಗಂಡಸರಿಗೆ ಅಡ್ಡಿ ಹೆಚ್ಚಾಗಿ ಕೆಲಸ. ಹೆಂಗಸರಿಗೋ ಅಡ್ಡಿಗಳ ಸಾಲೇ ಇದೆ: ವೈದ್ಯರು ಕಳಿಸುವುದೇ ಕಡಿಮೆ, ವಯಸ್ಸು ಜಾಸ್ತಿ, ಮಂಡಿನೋವು, ಮನೆಯವರ ಆರೈಕೆ ಬೇರೆ. ಗಂಡಸರೇ ತುಂಬಿದ ಹಾಲ್‌ನಲ್ಲಿ ಮುಜುಗರವೂ ಆಗುತ್ತದೆ, ಅಲ್ವಾ?

ಮನೆ: ನಡಿಗೆ, ಫೋನಿನಲ್ಲಿ ಮಾರ್ಗದರ್ಶನ. ಅಪಾಯ ಕಡಿಮೆ ಇರುವವರಿಗೆ ಫಲ ಹೆಚ್ಚುಕಮ್ಮಿ ಆಸ್ಪತ್ರೆಯಲ್ಲಿ ಸಿಗುವಷ್ಟೇ. ಆದರೆ ಪಾತ್ರೆ ತೊಳೆದದ್ದನ್ನೆಲ್ಲ ವ್ಯಾಯಾಮ ಅಂತ ಲೆಕ್ಕ ಹಾಕಬೇಡಿ.

ಹೃದಯದ ಪಂಪಿಂಗ್ ತೀರಾ ಕಡಿಮೆ ಇದ್ದರೆ ಯಾರಿಗಾದರೂ ಆಸ್ಪತ್ರೆಯೇ ಸರಿ. ಅಮ್ಮನಿಗೆ ಓಡಾಟ ಕಷ್ಟವೇ? ವೈದ್ಯರು ಒಪ್ಪಿದರೆ ಮೊದಲ ಕೆಲವು ಸೆಷನ್ ಅಲ್ಲಿ, ಉಳಿದದ್ದು ಮನೆಯಲ್ಲಿ. ವೈದ್ಯರು ರಿಹ್ಯಾಬ್ ಮಾತೇ ಎತ್ತದಿದ್ದರೆ ನೀವೇ ಕೇಳಿ.