ಕೋಳಿಮರಿಗಳ ರಕ್ತಭೇದಿಗೆ ಆಂಪ್ರೋಲಿಯಂ ಪುಡಿ: ಒಂದು ಮಳೆಗಾಲದ ಬಳಕೆಯ ನಂತರ

ಪಶು ಔಷಧಿ ಅಂಗಡಿಗಳಲ್ಲಿ ಸಿಗುವ ಶೇ. 20ರ ಆಂಪ್ರೋಲಿಯಂ ಪುಡಿಯನ್ನು ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ನೂರು ಗಿರಿರಾಜ ಮರಿಗಳಿಗೆ ಬಳಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹಲವು ಕಂಪನಿಗಳು ಇದನ್ನು ಬೇರೆ ಬೇರೆ ಹೆಸರಿನಲ್ಲಿ ಮಾರುತ್ತವೆ. ಒಳಗಿನ ಔಷಧ ಒಂದೇ ಆಗಿರುವುದರಿಂದ ಇಲ್ಲಿ ಯಾವ ಹೆಸರನ್ನೂ ಹೇಳುವುದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ ಗಟ್ಟಿ ತಳಿಯೆಂಬುದು ನಿಜ, ಆದರೆ ಮಲೆನಾಡಿನ ಮಳೆಯಲ್ಲಿ ಒದ್ದೆಯಾದ ಹೊಟ್ಟಿನ ಮೇಲೆ ನಾಲ್ಕು ವಾರದ ಮರಿ ಯಾವ ತಳಿಯದಾದರೂ ಈ ರೋಗಕ್ಕೆ ಸುಲಭದ ತುತ್ತು.

ಮೊದಲ ದಿನ ಎರಡು ಮರಿಗಳು ರೆಕ್ಕೆ ಜೋತು ಬಿಟ್ಟು ಮೂಲೆಯಲ್ಲಿ ಕುಳಿತಿದ್ದವು, ಮರುದಿನ ಹಿಕ್ಕೆಯಲ್ಲಿ ರಕ್ತ ಕಂಡಿತು. ಔಷಧಿ ಅಂಗಡಿಯೊಂದರಲ್ಲಿ ಏನನ್ನೂ ವಿಚಾರಿಸದೆ ಆಂಟಿಬಯಾಟಿಕ್ ಪುಡಿಯೊಂದನ್ನು ಕೊಟ್ಟರು. ಅದರಿಂದ ಎರಡು ಅಮೂಲ್ಯ ದಿನಗಳು ವ್ಯರ್ಥವಾದವು. ಕೇಂದ್ರ ಸರ್ಕಾರವು 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್‌ನ ಬಳಕೆಯನ್ನು ನಿಷೇಧಿಸಿದ ಮೇಲೂ ಭೇದಿ ಎಂದೊಡನೆ ಆಂಟಿಬಯಾಟಿಕ್ ನೀಡುವ ಅಭ್ಯಾಸ ಅಂಗಡಿಗಳಲ್ಲಿ ಉಳಿದಿರುವುದು ನನಗೆ ನಿಜಕ್ಕೂ ಆತಂಕ ತರುತ್ತದೆ. ಕೊನೆಗೆ ಪಶುವೈದ್ಯರು ಸತ್ತ ಮರಿಯೊಂದನ್ನು ಕೊಯ್ದು, ರಕ್ತ ತುಂಬಿ ಉಬ್ಬಿದ ಕುರುಡು ಕರುಳನ್ನು ತೋರಿಸಿ, ಇದು ಬ್ಯಾಕ್ಟೀರಿಯಾದಿಂದ ಬಂದದ್ದಲ್ಲ, ಐಮೀರಿಯಾ ಎಂಬ ಏಕಕೋಶ ಪರಾವಲಂಬಿಯಿಂದ ಬಂದದ್ದು ಎಂದು ವಿವರಿಸಿ ಈ ಪುಡಿಯನ್ನು ಬರೆದುಕೊಟ್ಟರು.

ಪುಡಿ ಕೆಲಸ ಮಾಡುವ ರೀತಿ ಸರಳವಾಗಿದೆ. ಆಂಪ್ರೋಲಿಯಂ ರಚನೆಯಲ್ಲಿ ಥಯಾಮಿನ್ ಅನ್ನು, ಅಂದರೆ ಬಿ1 ಜೀವಸತ್ವವನ್ನು ಹೋಲುತ್ತದೆ; ಪರಾವಲಂಬಿಯು ತನಗೆ ಬೇಕಾದ ಥಯಾಮಿನ್‌ನ ಬದಲು ಇದನ್ನು ಹೀರಿಕೊಂಡು ಬೆಳವಣಿಗೆ ನಿಲ್ಲಿಸುತ್ತದೆ. ಆದ್ದರಿಂದಲೇ ಈ ಔಷಧ ಕೊಡುವ ದಿನಗಳಲ್ಲಿ ಬಿ1 ಇರುವ ಟಾನಿಕ್ ಕೊಟ್ಟರೆ ಔಷಧದ ಬಲ ಕುಗ್ಗುತ್ತದೆ. ಸೊರಗಿದ ಮರಿಗೆ ಟಾನಿಕ್ ಕೊಡಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ, ಹಾಗಿರುವಾಗ ಇಷ್ಟು ಮುಖ್ಯವಾದ ಎಚ್ಚರಿಕೆ ನಾನು ಕೊಂಡ ಪೊಟ್ಟಣದ ಮೇಲೆ ಎಲ್ಲಿಯೂ ಇರಲಿಲ್ಲ.

ಪ್ರಮಾಣ 25 ಲೀಟರ್ ನೀರಿಗೆ 30 ಗ್ರಾಂ ಎಂದಿತ್ತು. ದಿನಕ್ಕೆ ಹತ್ತು ಲೀಟರ್ ನೀರು ಸಾಕಾಗುವ ನಮ್ಮಂಥವರು ಇದನ್ನು 12 ಗ್ರಾಂ ಎಂದು ಲೆಕ್ಕ ಹಾಕಿಕೊಳ್ಳಬೇಕು, ಪೊಟ್ಟಣದಲ್ಲಿ ಅಳತೆಯ ಚಮಚ ಇಲ್ಲದ್ದರಿಂದ ನಾನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದೆ. ವೈದ್ಯರು ಹೇಳಿದಂತೆ ಬೇರೆ ನೀರು ಸಿಗದಂತೆ ನೋಡಿಕೊಂಡು, ಪ್ರತಿದಿನ ಹೊಸದಾಗಿ ಕಲಸಿ, ಐದು ದಿನ ಇಡೀ ಹಿಂಡಿಗೆ ಕೊಟ್ಟೆವು. ಪುಡಿ ನೀರಿನಲ್ಲಿ ಗಸಿ ಉಳಿಯದೆ ಕರಗಿತು, ಮರಿಗಳು ನೀರನ್ನು ನಿರಾಕರಿಸಲಿಲ್ಲ. ಮೂರನೆಯ ದಿನಕ್ಕೆ ಹೊಸದಾಗಿ ಮಂಕಾಗುವ ಮರಿಗಳು ನಿಂತವು. ಆದರೆ ಆಗಲೇ ರಕ್ತ ಹೋಗುತ್ತಿದ್ದ ಮರಿಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ಇದನ್ನು ಔಷಧದ ದೋಷವೆಂದು ನಾನು ಎಣಿಸುವುದಿಲ್ಲ. ರಕ್ತ ಕಾಣುವ ಹೊತ್ತಿಗೆ ಸೋಂಕು ತಗುಲಿ ಐದಾರು ದಿನ ಕಳೆದಿರುತ್ತದೆ, ಆಂಪ್ರೋಲಿಯಂ ತಡೆಯುವುದು ಪರಾವಲಂಬಿಯ ಮೊದಮೊದಲ ಹಂತಗಳನ್ನು.

ಪುಡಿಯ ನಿಜವಾದ ಮಿತಿ ಬೇರೆ ಕಡೆ ಇದೆ. ರೋಗಗ್ರಸ್ತ ಮರಿಯ ಹಿಕ್ಕೆಯಲ್ಲಿ ಲೆಕ್ಕವಿಲ್ಲದಷ್ಟು ಊಸಿಸ್ಟುಗಳು, ಅಂದರೆ ಗಟ್ಟಿ ಕವಚದ ತತ್ತಿಯಂಥ ಕಣಗಳು ಹೊರಬೀಳುತ್ತವೆ. ತೇವ ಮತ್ತು ಬೆಚ್ಚಗಿನ ಗಾಳಿ ಸಿಕ್ಕರೆ ಒಂದೆರಡು ದಿನದಲ್ಲಿ ಅವು ಸೋಂಕು ಹರಡಲು ಸಿದ್ಧವಾಗುತ್ತವೆ, ಸಾಮಾನ್ಯ ಫಿನೈಲಿಗೆ ಬಗ್ಗದೆ ತಿಂಗಳುಗಟ್ಟಲೆ ಬದುಕಿರುತ್ತವೆ, ನಮ್ಮ ಚಪ್ಪಲಿಯಲ್ಲಿ, ಮೇವಿನ ಚೀಲದಲ್ಲಿ, ಇಲಿಯ ಕಾಲಿನಲ್ಲಿ ಒಂದು ಗೂಡಿನಿಂದ ಇನ್ನೊಂದಕ್ಕೆ ಸಾಗುತ್ತವೆ. ಕುಡಿಯುವ ನೀರಿಗೆ ಹಾಕಿದ ಔಷಧ ನೆಲದ ಮೇಲಿನ ಇವುಗಳನ್ನು ಮುಟ್ಟುವುದೂ ಇಲ್ಲ. ನೀರಿನ ಪಾತ್ರೆಯ ಸುತ್ತ ಹೆಪ್ಪುಗಟ್ಟಿದ್ದ ಹೊಟ್ಟನ್ನು ಬಳಿದು ತೆಗೆದು, ಒಣ ಭತ್ತದ ಹೊಟ್ಟು ಹರಡಿ, ಪಾತ್ರೆಗಳನ್ನು ಇಟ್ಟಿಗೆಯ ಮೇಲೆ ಎತ್ತರಿಸಿ, ಇರಚಲು ಹೊಡೆಯದಂತೆ ತಾಡಪಾಲು ಕಟ್ಟಿದ ಮೇಲೆಯೇ ನಮ್ಮಲ್ಲಿ ರೋಗ ಮರುಕಳಿಸದೆ ನಿಂತದ್ದು.

ಕೊಟ್ಟಿಗೆಯ ಕರುಗಳಿಗೂ ಐಮೀರಿಯಾದಿಂದ ರಕ್ತಭೇದಿ ಬರುತ್ತದೆ, ಆದರೆ ಅದರ ಜಾತಿಗಳು ಬೇರೆ. ಕೋಳಿಯದು ಕರುವಿಗೆ ಅಂಟುವುದಿಲ್ಲ. ಕರುವಿಗೂ ಆಂಪ್ರೋಲಿಯಂ ಕೊಡುವುದುಂಟು, ಪ್ರಮಾಣ ಮಾತ್ರ ದೇಹತೂಕದ ಮೇಲೆ ನಿರ್ಧಾರವಾಗುವುದರಿಂದ ಕೋಳಿಯ ಲೆಕ್ಕವನ್ನು ಅಲ್ಲಿಗೆ ಅನ್ವಯಿಸಬಾರದು.

ವೈದ್ಯರು ರೋಗವನ್ನು ಗುರುತಿಸಿದ ಮೇಲೆ ಈ ಪುಡಿಯನ್ನು ಧೈರ್ಯವಾಗಿ ಕೊಳ್ಳಬಹುದು. ಐದು ಅಂಕಗಳಲ್ಲಿ ಔಷಧಕ್ಕೆ ನಾಲ್ಕು, ಪೊಟ್ಟಣದ ಬರಹಕ್ಕೆ ಒಂದನ್ನು ಕೊಡುತ್ತೇನೆ. ಇಂಗ್ಲಿಷಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ಮುದ್ರಿಸಿದ ಸೂಚನೆಯನ್ನು ನಮ್ಮೂರಿನಲ್ಲಿ ಕೋಳಿ ಸಾಕುವ ಹೆಂಗಸರಲ್ಲಿ ಹೆಚ್ಚಿನವರು ಓದಲಾರರು. ಪ್ರತಿ ಲೀಟರಿನ ಪ್ರಮಾಣ ಮತ್ತು ಟಾನಿಕ್ ಬೇಡವೆಂಬ ಒಂದು ಸಾಲು, ಇವೆರಡನ್ನು ಕನ್ನಡದಲ್ಲಿ ಮುದ್ರಿಸಬೇಕೆಂದು ಪೊಟ್ಟಣದ ಮೇಲಿದ್ದ ವಿಳಾಸಕ್ಕೆ ಪತ್ರ ಬರೆದಿದ್ದೇನೆ.