ಮಗನ ಶಾಲೆಯ ಸಮಾಜ ಕಾರ್ಯಕರ್ತೆ ಬಗ್ಗೆ ಎರಡು ಮಾತು

ದಾವಣಗೆರೆಯಲ್ಲಿ ನನ್ನ ಮಗ ಓದುವ ಶಾಲೆಗೆ ಹೋದ ವರ್ಷ ಸಮಾಜ ಕಾರ್ಯಕರ್ತೆಯೊಬ್ಬರು ಬಂದರು. ಏಳನೇ ಕ್ಲಾಸಿನ ಇವನು ದಿನಾ ಬೆಳಗ್ಗೆ ಹೊಟ್ಟೆನೋವು ಅಂತಿದ್ದ, ಟೀಚರ್ ನೆಪ ಅಂದರು, ನಾನೂ ಗದರಿದೆ. ಮೇಡಂ ಮಾತ್ರ ಮನೆಗೇ ಬಂದು, ಚಾಪೆ ಮೇಲೆ ಕೂತು, ಮಂಡಕ್ಕಿ ಮಿರ್ಚಿ ತಿನ್ನುತ್ತಾ ಅವನ ಜೊತೆ ಬರೀ ಕ್ರಿಕೆಟ್ ಮಾತಾಡಿದರು. ಮೂರನೇ ಸಲ ಬಂದಾಗ ಹುಡುಗ ಬಾಯಿಬಿಟ್ಟ. ಆಟೋದಲ್ಲಿ ದೊಡ್ಡ ಹುಡುಗರು ಹೊಡೆಯುತ್ತಿದ್ದರಂತೆ! ಎರಡೂ ಕಡೆಯ ಪೋಷಕರನ್ನು ಕೂರಿಸಿ, ಯಾರನ್ನೂ ಬೈಯದೆ ಸರಿಮಾಡಿದರು. ಮಕ್ಕಳ ಸಹಾಯವಾಣಿ 1098 ಈಗ ಎಲ್ಲ ಮಕ್ಕಳಿಗೂ ಬಾಯಿಪಾಠ. ಟೀಚರ್‌ಗಳಿಗೆ ಸಿಲಬಸ್ ಮುಗಿಸುವ ಧಾವಂತ, ಮಗುವಿನ ಮನೆ ಕಡೆ ನೋಡೋಕೆ ಇಂಥವರು ಬೇಕೇ ಬೇಕು. ಕೊರತೆ ಒಂದೇ, ವಾರಕ್ಕೆ ಎರಡೇ ದಿನ ಬರುತ್ತಾರೆ. ಅದು ಸಾಲಲ್ಲ ಅಲ್ವಾ? ಪೂರ್ತಿ ವಾರ ಇರಲಿ ಅಂತ ಪೋಷಕರ ಸಭೆಯಲ್ಲಿ ಕೇಳಿದ್ದೇನೆ.