ಪ್ರೀತಿಗೆ ಕಾವಲಿಟ್ಟ ಎರಡು ಲೋಕಗಳು: ‘ಮ್ಯಾಚ್ಡ್’ ಮತ್ತು ‘ಡೆಲಿರಿಯಂ’

ಹದಿಹರೆಯದ ಓದುಗರಿಗಾಗಿ ಬಂದ ಡಿಸ್ಟೋಪಿಯನ್ (ದಬ್ಬಾಳಿಕೆಯ ಭವಿಷ್ಯಲೋಕವನ್ನು ಕಲ್ಪಿಸುವ) ಕಾದಂಬರಿಗಳಲ್ಲಿ ಪ್ರೇಮ ಬಹುಮಟ್ಟಿಗೆ ಉಪಕಥೆಯಾಗಿಯೇ ಉಳಿಯುತ್ತದೆ. ಪ್ರೇಮವನ್ನೇ ಪ್ರಭುತ್ವದ ಹತೋಟಿಗೆ ಗುರಿಯಾಗಿಸಿದ ಎರಡು ಕೃತಿಗಳನ್ನು, ಆಲಿ ಕಾಂಡೀ ಅವರ ‘ಮ್ಯಾಚ್ಡ್’ (2010) ಮತ್ತು ಲಾರೆನ್ ಆಲಿವರ್ ಅವರ ‘ಡೆಲಿರಿಯಂ’ (2011) ಕಾದಂಬರಿಗಳನ್ನು, ನಾನು ಒಂದರ ಬೆನ್ನಿಗೆ ಒಂದನ್ನು ಓದಿದೆ. ಎರಡೂ ಮೂರು ಸಂಪುಟಗಳ ಸರಣಿಯ ಮೊದಲ ಭಾಗಗಳು. ಎರಡರಲ್ಲೂ ನಾಯಕಿಯೇ ವರ್ತಮಾನ ಕಾಲದಲ್ಲಿ ತನ್ನ ಕಥೆಯನ್ನು ಹೇಳುತ್ತಾಳೆ. ಎರಡರಲ್ಲೂ ಸಂಗಾತಿಯನ್ನು ಗೊತ್ತುಮಾಡುವುದು ಆಳುವವರ ಕೆಲಸ. ಇಷ್ಟೆಲ್ಲ ಸಾಮ್ಯವಿದ್ದರೂ ಇವು ಓದುಗರಿಂದ ಬಯಸುವ ಮನಃಸ್ಥಿತಿ ಒಂದೇ ಅಲ್ಲ.

‘ಮ್ಯಾಚ್ಡ್’ ಕಾದಂಬರಿಯ ಕ್ಯಾಸಿಯಾ ಆರಂಭದಲ್ಲಿ ತನ್ನ ಲೋಕದ ಬಗ್ಗೆ ಪೂರ್ಣ ತೃಪ್ತಿಯಿಂದಿರುವ ಹುಡುಗಿ. ಊಟ, ಉದ್ಯೋಗ, ಮದುವೆ ಎಲ್ಲವನ್ನೂ ಅಂಕಿಅಂಶಗಳ ಆಧಾರದ ಮೇಲೆ ನಿರ್ಧರಿಸುವ ಸಮಾಜವು 80ನೆಯ ಹುಟ್ಟುಹಬ್ಬಕ್ಕೆ ಸಾವನ್ನೂ ನಿಗದಿಪಡಿಸಿರುತ್ತದೆ, ಮತ್ತು ಇದೆಲ್ಲ ಅವಳಿಗೆ ಸಹಜವೆನಿಸುತ್ತದೆ. ಅವಳಿಗೆ ಗೊತ್ತುಮಾಡಿದ ಕ್ಸಾಂಡರ್ ಬಾಲ್ಯದ ಗೆಳೆಯ, ಒಳ್ಳೆಯವನು. ಆದರೆ ಅವನ ವಿವರಗಳಿರುವ ಕಾರ್ಡನ್ನು ತೆರೆದಾಗ ಪರದೆಯ ಮೇಲೆ ಒಂದು ಕ್ಷಣ ಕೈ ಎಂಬ ಇನ್ನೊಬ್ಬ ಹುಡುಗನ ಮುಖ ಮೂಡಿ ಮರೆಯಾಗುತ್ತದೆ. ಅಷ್ಟು ಸಣ್ಣ ಬಿರುಕಿನಿಂದ ಇಡೀ ಕಥೆಯನ್ನು ಬೆಳೆಸಿರುವ ರೀತಿ ನನಗೆ ಬಹಳ ಹಿಡಿಸಿತು.

ಈ ಸಮಾಜವು ನೂರು ಕವಿತೆಗಳನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ನಾಶಮಾಡಿದೆ. ಕೈಯಿಂದ ಬರೆಯುವುದು ಬಹುತೇಕ ಯಾರಿಗೂ ಗೊತ್ತಿಲ್ಲ. ಸಾವಿಗೆ ಮೊದಲು ತಾತ ಬಚ್ಚಿಟ್ಟು ಕೊಡುವ ಕವಿತೆ, ಡೈಲನ್ ಥಾಮಸ್ ಅವರದು, ಆ ನೂರರೊಳಗಿನದಲ್ಲ. ಅಕ್ಷರಗಳನ್ನು ಕೈಯಿಂದ ಬರೆಯಲು ಕ್ಯಾಸಿಯಾಳಿಗೆ ಕಲಿಸುವವನು ಕೈ ಎಂಬ ಆ ಹುಡುಗ. ಹೀಗೆ ನಿಷಿದ್ಧ ಪ್ರೇಮ ಮತ್ತು ನಿಷಿದ್ಧ ಬರವಣಿಗೆ ಒಂದೇ ಅಪರಾಧವಾಗಿ ಬೆಸೆದುಕೊಳ್ಳುತ್ತವೆ. ಅವರಿಬ್ಬರೂ ಹತ್ತಿರವಾಗುವುದನ್ನು ನೋಟ, ಸ್ಪರ್ಶಗಳಿಗಿಂತ ಹೆಚ್ಚಾಗಿ ಒಂದೊಂದೇ ಅಕ್ಷರದ ಮೂಲಕ ತೋರಿಸಿರುವುದು ಈ ಪ್ರಕಾರದಲ್ಲಿ ನಾನು ಓದಿದ ಅತ್ಯುತ್ತಮ ಪ್ರೇಮಚಿತ್ರಣ. ಕೊರತೆಯೂ ಇದೆ: ಅಧಿಕಾರಿಗಳು ಅತಿ ಸೌಜನ್ಯದಿಂದ ವರ್ತಿಸುವುದರಿಂದ ನಡುಭಾಗದಲ್ಲಿ ಅಪಾಯದ ಅರಿವು ಮಂಕಾಗುತ್ತದೆ, ಓದು ನಿಧಾನವಾಗುತ್ತದೆ.

‘ಡೆಲಿರಿಯಂ’ ಇದಕ್ಕಿಂತ ಹೆಚ್ಚು ಬಿಸಿಯಾದ ಪುಸ್ತಕ. ಅಲ್ಲಿ ಪ್ರೀತಿಯೇ ಒಂದು ಕಾಯಿಲೆ. 18 ತುಂಬಿದವರಿಗೆ ಮಿದುಳಿನ ಚಿಕಿತ್ಸೆ ಮಾಡಿ ಅದನ್ನು ‘ಗುಣಪಡಿಸುತ್ತಾರೆ’. ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿರುವ ಲೀನಾ, ತಾಯಿಯ ದುರಂತದ ನೆನಪಿನಿಂದ ಬೆದರಿ, ಆ ಚಿಕಿತ್ಸೆಯ ದಿನವನ್ನೇ ಎದುರುನೋಡುತ್ತಿರುತ್ತಾಳೆ. ಪ್ರತಿ ಅಧ್ಯಾಯದ ತಲೆಯಲ್ಲಿ ಆ ಆಡಳಿತದ ಕೈಪಿಡಿಯ ಸಾಲುಗಳೋ ಮಕ್ಕಳ ಪದ್ಯಗಳೋ ಇರುತ್ತವೆ, ಮತ್ತು ಯಾವ ವಿವರಣೆಯ ಭಾರವೂ ಇಲ್ಲದೆ ಆ ಲೋಕ ನಮ್ಮೊಳಗೆ ಇಳಿಯುತ್ತದೆ. ಲೋಕವನ್ನು ಕಟ್ಟುವ ಈ ಕೌಶಲ ‘ಮ್ಯಾಚ್ಡ್’ನಲ್ಲಿಲ್ಲ. ಭಾಷೆಯೂ ಹೆಚ್ಚು ಸಮೃದ್ಧವಾಗಿದೆ. ಲೀನಾ ಮತ್ತು ಅವಳ ಗೆಳತಿ ಹಾನಾ ನಡುವಿನ ಸ್ನೇಹವಂತೂ, ಚಿಕಿತ್ಸೆಯ ನಂತರ ಅದೂ ಉಳಿಯಲಾರದೆಂಬ ಅರಿವಿನಿಂದಾಗಿ, ಪ್ರೇಮಕಥೆಗಿಂತ ಆಳವಾಗಿ ತಟ್ಟುತ್ತದೆ.

ನನಗೆ ತೊಡಕೆನಿಸಿದ್ದು ತರ್ಕ. ಪ್ರೀತಿಯನ್ನು ಅಳಿಸುವ ಚಿಕಿತ್ಸೆ ಕ್ರೌರ್ಯವನ್ನು, ಅಧಿಕಾರದ ಹಪಾಹಪಿಯನ್ನು ಹೇಗೆ ಹಾಗೆಯೇ ಉಳಿಸುತ್ತದೆ ಎಂಬ ಪ್ರಶ್ನೆ ಓದುವಾಗ ಬಿಡದೆ ಕಾಡಿತು. ನಾಯಕ ಅಲೆಕ್ಸ್ ಕೂಡ ದೋಷವೇ ಇಲ್ಲದಷ್ಟು ಪರಿಪೂರ್ಣ. ಕೈ ಪಾತ್ರಕ್ಕಿರುವ ಮೌನ, ಎಚ್ಚರ, ಸೋತಂತೆ ನಟಿಸುವ ಜಾಣ್ಮೆ ಇವನಿಗಿಲ್ಲ.

ಸುಝಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ಕಾದಂಬರಿಯನ್ನು ಇವುಗಳ ಸಾಲಿಗೆ ಸೇರಿಸುವವರಿದ್ದಾರೆ. ಹದಿಹರೆಯದವರು ಸಾಯುವವರೆಗೆ ಹೋರಾಡಬೇಕಾದ ಟಿ.ವಿ. ಸ್ಪರ್ಧೆಯ ಕಥೆ ಅದು; ಅಲ್ಲಿನ ಪ್ರೇಮ ಕ್ಯಾಮೆರಾಗಳ ಮುಂದೆ ಬದುಕುಳಿಯುವ ತಂತ್ರವೂ ಆಗಿರುವುದರಿಂದ ಅದು ನಿಜವೋ ನಟನೆಯೋ ಎಂಬ ಅನುಮಾನ ಅದ್ಭುತವಾಗಿ ಕೆಲಸ ಮಾಡುತ್ತದೆ. ಆದರೆ ಅದು ಮೂಲತಃ ಹಿಂಸೆಯ ಕುರಿತ ಕಾದಂಬರಿ, ಪ್ರೇಮವನ್ನು ಅರಸಿ ಬಂದವರು ಮೊದಲು ಹಿಡಿಯಬೇಕಾದದ್ದಲ್ಲ.

ಒಂದೇ ಪುಸ್ತಕ ಓದುವುದಾದರೆ ‘ಮ್ಯಾಚ್ಡ್’ ಓದಿ ಎನ್ನುತ್ತೇನೆ. ಸರಣಿಯನ್ನು ಪೂರ್ತಿ ಓದುವ ಮನಸ್ಸಿದ್ದರೆ ಆಯ್ಕೆ ಬದಲಾಗುತ್ತದೆ. ಕ್ಯಾಸಿಯಾ ಮತ್ತು ಕೈ ಸರದಿಯಲ್ಲಿ ನಿರೂಪಿಸುವ ‘ಕ್ರಾಸ್ಡ್’ (2011) ಮೊದಲ ಭಾಗದ ಬಿಗಿಯನ್ನು ಕಳೆದುಕೊಳ್ಳುತ್ತದೆ. ಲೀನಾಳ ಕಥೆಯನ್ನು ಅಂದು ಮತ್ತು ಇಂದು ಎಂದು ಸೀಳಿ ಹೇಳುವ ‘ಪ್ಯಾಂಡೆಮೋನಿಯಂ’ (2012) ಮಾತ್ರ ಹೊಸ ವೇಗ ಪಡೆಯುತ್ತದೆ. ‘ರೆಕ್ವಿಯಂ’ನಲ್ಲಿ (2013) ಹಾನಾಳಿಗೂ ನಿರೂಪಣೆಯ ಪಾಲು ಸಿಗುವುದರಿಂದ, ಮೊದಲ ಸಂಪುಟದಲ್ಲಿ ಹೊರಗಿನಿಂದಷ್ಟೇ ಕಂಡಿದ್ದ ಚಿಕಿತ್ಸೆ ಪಡೆದ ಮನಸ್ಸನ್ನು ಅಲ್ಲಿ ಒಳಗಿನಿಂದ ನೋಡಬಹುದು.